ನ್ಯಾಷನಲ್ ಪರ್ಮಿಟ್ಟಾ, ಟೆಂಪರರಿ ಪರ್ಮಿಟ್ಟಾ?

ಕೋಲಾರದ ಟೊಮ್ಯಾಟೊ ಹೊತ್ತು ಹೊರರಾಜ್ಯಕ್ಕೆ ಲಾರಿ ಓಡಿಸಬೇಕು, ಯಾವ ಪರ್ಮಿಟ್ ಮಾಡಿಸೋದು ಅಂತ ಕೇಳಿದ್ದೀರಿ: ವರ್ಷದ ಶುಲ್ಕ ಕಟ್ಟಿ ಹಲವು ರಾಜ್ಯ ಓಡಿಸುವ ನ್ಯಾಷನಲ್ ಪರ್ಮಿಟ್ಟಾ, ಸ್ವಲ್ಪ ದಿನಕ್ಕಷ್ಟೇ ಸಿಗುವ ಟೆಂಪರರಿ ಪರ್ಮಿಟ್ಟಾ? ಮೊದಲು ಗಾಡಿಯ ನೋಂದಣಿ ಪತ್ರ (ಆರ್‌ಸಿ) ತೆಗೆದು ಒಟ್ಟು ತೂಕ ನೋಡಿ. ಸರಕು ಗಾಡಿಯ ತೂಕ ಲೋಡ್ ಸೇರಿ 3,000 ಕಿಲೋ ದಾಟದಿದ್ದರೆ ಪರ್ಮಿಟ್ಟೇ ಬೇಡ.

ಖರ್ಚು: ನ್ಯಾಷನಲ್ ಪರ್ಮಿಟ್‌ಗೆ ವರ್ಷಕ್ಕೆ 16,500 ರೂಪಾಯಿ ಒಟ್ಟು ಶುಲ್ಕ, ಜೊತೆಗೆ 1,000 ರೂಪಾಯಿ ಆಥರೈಸೇಶನ್ (ಅನುಮತಿ) ಶುಲ್ಕ, ಒಟ್ಟು 17,500. ಅಂದ್ರೆ ತಿಂಗಳಿಗೆ ಸುಮಾರು 1,460 ರೂಪಾಯಿ. ಎಷ್ಟು ರಾಜ್ಯ ಸುತ್ತಿದರೂ ಅಷ್ಟೇ. ನಮ್ಮ ರಾಜ್ಯದ ರಸ್ತೆ ತೆರಿಗೆ, ಟೋಲ್ ಮಾತ್ರ ಬೇರೆ. ಟೆಂಪರರಿಯಲ್ಲಿ ಪರ್ಮಿಟ್ ಇರುವ ಅವಧಿಗೆ ನೀವು ಹೋಗುವ ರಾಜ್ಯದ ತೆರಿಗೆ ಕಟ್ಟಬೇಕು. ಸೀಸನ್ನಿನಲ್ಲಿ ಒಂದೆರಡು ಸಲ ಚೆನ್ನೈಗೆ ಹೋಗಿ ಬರುವವರಿಗೆ ಅದೇ ಸಾಕು, ವರ್ಷದ ದುಡ್ಡು ಸುಮ್ನೆ ಯಾಕೆ ಕಟ್ಟಬೇಕು ಅಲ್ವಾ? ಆದರೆ ಅದು ಒಂದು ಸಲಕ್ಕೆ ನಾಲ್ಕು ತಿಂಗಳಿಗಿಂತ ಜಾಸ್ತಿ ಸಿಗುವುದಿಲ್ಲ.

ಗಾಡಿಯ ವಯಸ್ಸು: ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇಲ್ಲೇ ಎಡವುತ್ತಾರೆ. ನ್ಯಾಷನಲ್ ಪರ್ಮಿಟ್‌ಗೆ ಸಾಮಾನ್ಯ ಲಾರಿ 12 ವರ್ಷ, ಮಲ್ಟಿ ಆಕ್ಸಲ್ (ಎರಡಕ್ಕಿಂತ ಹೆಚ್ಚು ಆಕ್ಸಲ್ ಇರುವ ಲಾರಿ) 15 ವರ್ಷ ದಾಟಿರಬಾರದು. 11 ವರ್ಷದ ಎರಡು ಆಕ್ಸಲ್ ಲಾರಿ ಅಗ್ಗಕ್ಕೆ ಸಿಕ್ಕಿತು ಅಂತ ಕೊಂಡರೆ ಒಂದೇ ವರ್ಷದ ಸುಖ.

ರಿಟರ್ನ್ ಲೋಡ್: ನ್ಯಾಷನಲ್ ಪರ್ಮಿಟ್ ಇದ್ದರೂ ಪುಣೆಯಲ್ಲಿ ತುಂಬಿ ನಾಸಿಕ್‌ನಲ್ಲಿ ಇಳಿಸುವಂತಿಲ್ಲ. ಪುಣೆಯಿಂದ ಹೈದರಾಬಾದ್‌ಗಾದರೆ ಸರಿ. ಎಲ್ಲಿ ಲೋಡ್ ಸಿಕ್ಕರೂ ಹೊರಡುವವರಿಗೆ ನ್ಯಾಷನಲ್ ಪರ್ಮಿಟ್ಟೇ ಅನುಕೂಲ. ವರ್ಷವಿಡೀ ಒಂದೇ ಪಕ್ಕದ ರಾಜ್ಯಕ್ಕೆ ಹೋಗುವವರು ನಮ್ಮ ರಾಜ್ಯದ ಸ್ಟೇಟ್ ಪರ್ಮಿಟ್‌ಗೆ ಅಲ್ಲಿನ ಕೌಂಟರ್ ಸಿಗ್ನೇಚರ್ (ಆ ರಾಜ್ಯದ ಒಪ್ಪಿಗೆ ಸಹಿ) ಮಾಡಿಸಬಹುದಾ, ತೆರಿಗೆ ಎಷ್ಟು ಅಂತ ಆರ್‌ಟಿಓದಲ್ಲಿ ವಿಚಾರಿಸಿ, ನ್ಯಾಷನಲ್ ಪರ್ಮಿಟ್‌ನ 17,500ಕ್ಕೆ ಹೋಲಿಸಿ ನೋಡಿ.