ಅತಿಥಿ ಬರಲಿಲ್ಲ, ಆದರೂ ಮೆಂಬರ್‌ಶಿಪ್ ವಸೂಲಾಯಿತು

ನನ್ನ ಬ್ಯಾಡ್ಜ್ ನಂಬರ್ 47. ಹೋದ ಸಲದ ಕನ್ವೆನ್ಷನ್ ಮುಗಿದ ಸಂಜೆ, ನಡೆಸುವವರು ಮೇಜು ಕುರ್ಚಿ ಮಡಚುತ್ತಿರುವಾಗಲೇ ಈ ಸಲಕ್ಕೆ ಹೆಸರು ಬರೆಸಿದ್ದೆ. ಅದಕ್ಕೇ ಅಷ್ಟು ಚಿಕ್ಕ ನಂಬರ್. ಆಗ ಅತಿಥಿ ಯಾರು ಅನ್ನುವುದು ಯಾರಿಗೂ ಗೊತ್ತಿರಲಿಲ್ಲ. ಸೈನ್ಸ್ ಫಿಕ್ಷನ್, ಫ್ಯಾಂಟಸಿ ಓದುವವರೇ ಸೇರಿ ನಡೆಸುವ ಸಣ್ಣ ಕನ್ವೆನ್ಷನ್ ಇದು. ಮೂರು ದಿನ, ಎರಡು ಸಭಾಂಗಣ, ಪುಸ್ತಕಕ್ಕೊಂದು ಕೋಣೆ, ಚಿತ್ರಗಳಿಗೊಂದು ಕೋಣೆ, ಅಷ್ಟೇ. ಮುಂದಿನ ಸಲ ಮೆಂಬರ್ ಆಗೋಣವೇ ಬೇಡವೇ ಅಂತ ಯೋಚಿಸುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಇಲ್ಲಿ ಟಿಕೆಟ್ ಅನ್ನುವುದಿಲ್ಲ, ಮೆಂಬರ್‌ಶಿಪ್ ಅನ್ನುತ್ತಾರೆ. ಅದು ಸುಮ್ನೆ ಇಟ್ಟ ಹೆಸರಲ್ಲ. ವರ್ಲ್ಡ್‌ಕಾನ್ ಅಂದರೆ ಬೇರೆ ಬೇರೆ ದೇಶಗಳ ಸೈನ್ಸ್ ಫಿಕ್ಷನ್ ಓದುಗರು ಸೇರುವ ಕನ್ವೆನ್ಷನ್. 1939ರಲ್ಲಿ ನ್ಯೂಯಾರ್ಕ್‌ನಲ್ಲಿ ಮೊದಲ ವರ್ಲ್ಡ್‌ಕಾನ್ ನಡೆದಾಗಲೂ ಅದನ್ನು ನಡೆಸಿದವರು ಓದುಗರೇ. ಸೇರಿದ್ದವರು ಸುಮಾರು 200 ಜನ. ಈಗ ವರ್ಲ್ಡ್‌ಕಾನ್ ಎಷ್ಟೋ ದೊಡ್ಡದಾಗಿದೆ. ಆದರೂ ಮುಂದೆ ಅದು ಯಾವ ಊರಿನಲ್ಲಿ ನಡೆಯಬೇಕು ಅಂತ ಮತ ಹಾಕುವವರು ಸದಸ್ಯರೇ. ಸೈನ್ಸ್ ಫಿಕ್ಷನ್, ಫ್ಯಾಂಟಸಿಗೆ ಕೊಡುವ, 1953ರಲ್ಲಿ ಶುರುವಾದ ಹ್ಯೂಗೋ ಪ್ರಶಸ್ತಿ ಯಾರಿಗೆ ಅನ್ನುವುದನ್ನೂ ಅವರೇ ತೀರ್ಮಾನಿಸುತ್ತಾರೆ. ನಮ್ಮ ಸಣ್ಣ ಕನ್ವೆನ್ಷನ್‌ನಲ್ಲಿ ಪ್ರಶಸ್ತಿ ಗಿಶಸ್ತಿ ಇಲ್ಲ. ಆದರೆ ಕೊನೆಯ ದಿನ ಒಂದು ಸಭೆ ಇರುತ್ತದೆ. ಪೂರ್ತಿ ಮೆಂಬರ್‌ಶಿಪ್ ಇರುವ ಯಾರು ಬೇಕಾದರೂ ಎದ್ದು ಮಾತಾಡಬಹುದು, ಕೈ ಎತ್ತಿ ಮತ ಹಾಕಬಹುದು.

ವರ್ಷದಲ್ಲಿ ನಾಲ್ಕು ಸಲ ಸದಸ್ಯರಿಗೆ ಇಮೇಲ್‌ನಲ್ಲಿ ಪತ್ರ ಬರುತ್ತದೆ. ಎರಡನೇ ಪತ್ರದಲ್ಲಿ ಮೂವರು ಗೌರವ ಅತಿಥಿಗಳ ಹೆಸರಿತ್ತು: ಒಬ್ಬ ಕಾದಂಬರಿಕಾರರು, ಒಬ್ಬ ಮುಖಪುಟ ಕಲಾವಿದೆ, ಇನ್ನೊಬ್ಬರು ಅಭಿಮಾನಿ ಅತಿಥಿ, ಅಂದರೆ ಓದುಗರ ನಡುವಿನಿಂದಲೇ ಆರಿಸಿದವರು. ಕಾದಂಬರಿಕಾರರ ಹೆಸರು ನೋಡಿ ನಾನು ಕೂತಲ್ಲಿಂದ ಎದ್ದೇಬಿಟ್ಟೆ. ತಕ್ಷಣ ಗೆಳತಿಗೆ ಫೋನ್ ಮಾಡಿದೆ. ಅವರ ಪುಸ್ತಕಗಳನ್ನು ನನಗೆ ಮೊದಲು ಓದಲು ಕೊಟ್ಟವಳೇ ಅವಳು. ಅವಳಿಗೆ ಮೂರು ದಿನ ರಜೆ ಸಿಗುತ್ತದೋ ಇಲ್ಲವೋ ಗೊತ್ತಿರಲಿಲ್ಲ. ಹಾಗಾಗಿ ಶನಿವಾರಕ್ಕೆ ಮಾತ್ರ ಒಂದು ದಿನದ ಬ್ಯಾಡ್ಜ್ ತಗೊಂಡಳು.

ಕನ್ವೆನ್ಷನ್‌ಗೆ ಒಂಬತ್ತು ದಿನ ಇದ್ದಾಗ ರಾತ್ರಿ ಒಂದು ಪತ್ರ ಬಂತು. ಕಾದಂಬರಿಕಾರರಿಗೆ ಆರೋಗ್ಯ ಸರಿಯಿಲ್ಲ, ಬರುವುದಿಲ್ಲ. ಮೊದಲ ಸಾಲಿನಲ್ಲೇ ಅದನ್ನು ಹೇಳಿದ್ದರು. ಬೇಕಾದವರು ಮೆಂಬರ್‌ಶಿಪ್ಪನ್ನು ಬೇರೆಯವರ ಹೆಸರಿಗೆ ಬದಲಾಯಿಸಬಹುದು, ಇಲ್ಲವೇ ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಬಹುದು ಅಂತಲೂ ಬರೆದಿದ್ದರು. ಬೇಜಾರಾಯಿತು, ಆದರೆ ಪತ್ರ ಓದಿ ನಡೆಸುವವರ ಮೇಲೆ ಗೌರವ ಬಂತು. ಕೊನೇ ಗಳಿಗೆಯವರೆಗೂ ಪೋಸ್ಟರ್‌ನಲ್ಲಿ ಮುಖ ಇಟ್ಟುಕೊಂಡು ಜನ ಸೇರಿಸುವವರನ್ನೂ ನಾನು ಕಂಡಿದ್ದೇನೆ.

ತಪ್ಪಾದದ್ದು ಇಲ್ಲಿ. ಒಂದು ದಿನದ ಬ್ಯಾಡ್ಜ್ ತಗೊಂಡವರ ಇಮೇಲ್‌ಗಳು ಬೇರೆ ಪಟ್ಟಿಯಲ್ಲಿದ್ದವು. ಆ ಪತ್ರ ಅವರಿಗೆ ಹೋಗಲೇ ಇಲ್ಲ. ಗೆಳತಿಗೂ ಬಂದಿರುತ್ತದೆ ಅಂತ ನಾನೂ ಕೇಳಲಿಲ್ಲ. ಶನಿವಾರ ಬೆಳಿಗ್ಗೆ ಅವಳು ಚೀಲದಲ್ಲಿ ನಾಲ್ಕು ಪುಸ್ತಕ ಹಾಕಿಕೊಂಡು ಬಂದಳು. ಒಂದರ ಬೆನ್ನು ಕಿತ್ತುಹೋಗಿ ಟೇಪ್ ಹಾಕಿತ್ತು. ವಿಷಯ ಗೊತ್ತಾದದ್ದು ಬ್ಯಾಡ್ಜ್ ಕೊಡುವ ಮೇಜಿಗೆ ಅಂಟಿಸಿದ್ದ ಕಾಗದ ಓದಿ. ಅವಳ ಮುಖ ನೋಡಲು ಆಗಲಿಲ್ಲ. ಮೇಜಿನ ಹಿಂದಿದ್ದ ಹುಡುಗ ತಕ್ಷಣ ದುಡ್ಡು ವಾಪಸ್ ಕೊಡುತ್ತೇನೆ ಅಂದ. ಅವಳಿಗೆ ಆಗ ಬೇಕಿದ್ದದ್ದು ದುಡ್ಡಲ್ಲವಲ್ಲ.

ಬಂದದ್ದು ಬಂದಾಗಿದೆ ಅಂತ ಅವಳನ್ನು ಮುಖಪುಟ ಕಲಾವಿದೆಯ ಮಾತು ಕೇಳಲು ಕರೆದುಕೊಂಡು ಹೋದೆ. 1939ರ ಆ ಮೊದಲ ವರ್ಲ್ಡ್‌ಕಾನ್‌ನ ಗೌರವ ಅತಿಥಿ ಕೂಡ ಬರಹಗಾರರಲ್ಲ, ಚಿತ್ರಕಾರ: ಫ್ರಾಂಕ್ ಆರ್. ಪಾಲ್. 1926ರಲ್ಲಿ ಬಂದ ಅಮೇಜಿಂಗ್ ಸ್ಟೋರೀಸ್ ಅನ್ನುವ ಸೈನ್ಸ್ ಫಿಕ್ಷನ್ ಪತ್ರಿಕೆಯ ಮೊದಲ ಸಂಚಿಕೆಗೆ ಮುಖಪುಟ ಬರೆದವರು. ನಮ್ಮ ಕಲಾವಿದೆ ಒಂದೇ ಮುಖಪುಟಕ್ಕೆ ತಾವು ಬರೆದ ಹನ್ನೆರಡು ಕರಡುಗಳನ್ನು ಪರದೆಯ ಮೇಲೆ ತೋರಿಸಿದರು. ಒಂದೊಂದೂ ಬೆರಳುಗಾತ್ರದ್ದು. ಹನ್ನೊಂದನ್ನು ಯಾಕೆ ಬಿಟ್ಟರು ಅಂತ ಒಂದೊಂದಾಗಿ ಹೇಳಿದರು. ಒಂದರಲ್ಲಿ ಡ್ರ್ಯಾಗನ್ ಚೆನ್ನಾಗಿತ್ತು, ಆದರೆ ಪುಸ್ತಕದ ಹೆಸರಿಗೆ ಜಾಗವೇ ಉಳಿದಿರಲಿಲ್ಲ. ಗೆಳತಿ ಮುಂದಕ್ಕೆ ಬಾಗಿ ನೋಡುತ್ತಾ ಕೂತಳು.

ಮಧ್ಯಾಹ್ನ ಅಭಿಮಾನಿ ಅತಿಥಿಯ ಜೊತೆ ಮೇಜಿನ ಹರಟೆ. ಎಂಟೇ ಜನಕ್ಕೆ ಜಾಗ, ಮೊದಲು ಬಂದು ಹೆಸರು ಬರೆದವರಿಗೆ. ಈ ಸಲದ ಕನ್ವೆನ್ಷನ್‌ನಲ್ಲಿ ಇದಕ್ಕಿಂತ ಒಳ್ಳೆಯ ಗಂಟೆ ಇನ್ನೊಂದಿರಲಿಲ್ಲ. ಅವರು ಯಾವ ಪುಸ್ತಕವನ್ನೂ ಬರೆದವರಲ್ಲ. ಎಷ್ಟೋ ವರ್ಷ ಫ್ಯಾನ್‌ಜಿನ್ ಮಾಡಿ ಹಂಚಿದವರು. ಅಂದರೆ ಓದುಗರು ಓದುಗರಿಗಾಗಿಯೇ ಕೈಯಾರೆ ಮಾಡುವ ಪತ್ರಿಕೆ. ಫ್ಯಾನ್‌ಜಿನ್ ಅನ್ನುವ ಮಾತು ಹುಟ್ಟಿದ್ದು 1940ರಲ್ಲಿ, ಆದರೆ ಅಂಥ ಪತ್ರಿಕೆಗಳು 1930ರಿಂದಲೇ ಇದ್ದವು. ಅದಕ್ಕೂ ಮುಂಚೆ ಅಮೇಜಿಂಗ್ ಸ್ಟೋರೀಸ್‌ನವರು ಓದುಗರ ಪತ್ರಗಳನ್ನು ಪೂರ್ತಿ ವಿಳಾಸದ ಸಮೇತ ಅಚ್ಚು ಹಾಕುತ್ತಿದ್ದರಂತೆ. ಆ ವಿಳಾಸ ಹಿಡಿದು ಓದುಗರು ಒಬ್ಬರಿಗೊಬ್ಬರು ಕಾಗದ ಬರೆದರು. ಕಾಗದದಿಂದ ಗುಂಪುಗಳಾದವು, ಗುಂಪುಗಳಿಂದ ಕನ್ವೆನ್ಷನ್. ಇದನ್ನು ಹೇಳುತ್ತಾ ಅವರು ಸೈಕ್ಲೋಸ್ಟೈಲ್ ಮಾಡಿದ ಹಳೇ ಸಂಚಿಕೆಗಳನ್ನು ನಮ್ಮ ಕೈಗೇ ಕೊಟ್ಟರು. ಸ್ಟೇಪಲ್ ಪಿನ್‌ಗಳು ತುಕ್ಕು ಹಿಡಿದಿದ್ದವು. ಅವುಗಳಲ್ಲಿ ಇಬ್ಬರು ಓದುಗರು ಕಾಲಯಾನ ಸಾಧ್ಯವೋ ಅಲ್ಲವೋ ಅಂತ ಐದು ಸಂಚಿಕೆ ಜಗಳವಾಡಿದ್ದರು. ಆಮೇಲೆ ಅವರಿಬ್ಬರೂ ಜೀವದ ಗೆಳೆಯರಾದರಂತೆ.

ಹರಟೆ ಮುಗಿಸಿ ಗೆಳತಿ ನೇರವಾಗಿ ಬ್ಯಾಡ್ಜ್ ಮೇಜಿಗೆ ಹೋಗಿ, ವ್ಯತ್ಯಾಸದ ದುಡ್ಡು ಕೊಟ್ಟು ಪೂರ್ತಿ ಮೆಂಬರ್‌ಶಿಪ್ ಮಾಡಿಸಿಕೊಂಡಳು. ಹಾಗೆ ಬದಲಾಯಿಸಿಕೊಳ್ಳಬಹುದು ಅನ್ನುವುದು ಅರ್ಜಿಯಲ್ಲಿ ಎಲ್ಲೂ ಇಲ್ಲ, ಕೇಳಿದರೆ ಮಾತ್ರ ಹೇಳುತ್ತಾರೆ. ಇದನ್ನು ಅವರು ಸರಿಮಾಡಬೇಕು.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಎರಡನೇ ಸಭಾಂಗಣದಲ್ಲಿ ಹಿಂದೆ ಕೂತರೆ ಮೈಕ್ ಕೇಳಿಸುವುದಿಲ್ಲ. ಪುಸ್ತಕದ ಕೋಣೆ ಚೆನ್ನಾಗಿದೆ, ಹಳೇ ಪುಸ್ತಕಗಳು ಜಾಸ್ತಿ. ಗಾಲಿಕುರ್ಚಿಯವರಿಗೆ ಎಲ್ಲಾ ಕಡೆ ದಾರಿ ಇತ್ತು. ಇದಕ್ಕೆ ಸ್ವಯಂಸೇವಕರಿಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು.

ಭಾನುವಾರದ ಸಭೆಯಲ್ಲಿ ಎದ್ದು ನಿಂತವಳು ಗೆಳತಿ. ಕೂಗಾಡಲಿಲ್ಲ. ಟೇಪ್ ಹಾಕಿದ ಪುಸ್ತಕ ತೋರಿಸಿ, ಶನಿವಾರ ಆದದ್ದನ್ನು ಇದ್ದ ಹಾಗೆ ಹೇಳಿದಳು. ಯಾವ ಬ್ಯಾಡ್ಜ್ ಇದ್ದರೂ ಅತಿಥಿಗಳ ಸುದ್ದಿ ಎಲ್ಲರಿಗೂ ಒಂದೇ ಹೊತ್ತಿಗೆ ಹೋಗಬೇಕು ಅಂದಳು. ಸಮಿತಿಯವರು ಸಬೂಬು ಹೇಳಲಿಲ್ಲ, ಕ್ಷಮೆ ಕೇಳಿ ಅದನ್ನು ಮತಕ್ಕೆ ಹಾಕಿದರು. ನನಗೆ ಕಂಡ ಕೈಗಳೆಲ್ಲಾ ಮೇಲಿದ್ದವು. ಪುಸ್ತಕ ಕಳಿಸಿಕೊಟ್ಟರೆ ಕಾದಂಬರಿಕಾರರು ಸಹಿ ಮಾಡಿ ವಾಪಸ್ ಕಳಿಸುತ್ತಾರೆ ಅಂತ ಸಮಿತಿಯವರೇ ಕೇಳಿ ತಿಳಿದುಕೊಂಡು ಮೊನ್ನೆ ಬರೆದಿದ್ದಾರೆ.

ನನ್ನನ್ನು ಕೇಳಿದರೆ, ಒಬ್ಬರೇ ಅತಿಥಿಗಾಗಿ ಬರುವುದಾದರೆ ಹೊರಡುವ ಮುಂಚೆ ಒಮ್ಮೆ ವಿಚಾರಿಸಿ. ಆಗುವುದಾದರೆ ಮೂರು ದಿನದ್ದೇ ತಗೊಳ್ಳಿ. ಹರಟೆಯ ಮೇಜಿಗೆ ಬೆಳಿಗ್ಗೆಯೇ ಹೆಸರು ಬರೆದುಬಿಡಿ.

ಮುಂದಿನ ವರ್ಷದ ಅತಿಥಿಗಳು ಯಾರು ಅಂತ ಇನ್ನೂ ಹೇಳಿಲ್ಲ. ನಾವಿಬ್ಬರೂ ಹೆಸರು ಬರೆಸಿ ಆಯಿತು. ಅವಳ ನಂಬರ್ 22, ನನ್ನದು 23.