ಆಯಿಲ್ ಬ್ರೇಕರ್ ಉಳಿಸಲಾ, ವ್ಯಾಕ್ಯೂಮ್ ಹಾಕಿಸಲಾ?

ದಾವಣಗೆರೆಯ ಅಕ್ಕಿ ಗಿರಣಿ ನಡೆಸುವ ಗೆಳೆಯರೊಬ್ಬರು ತಮ್ಮ 11 ಕೆವಿ ಬ್ರೇಕರ್ (ಶಾರ್ಟ್ ಆದಾಗ ಕರೆಂಟ್ ಕಡಿದುಹಾಕುವ ಸ್ವಿಚ್) ಬಗ್ಗೆ ಹೀಗೆ ಕೇಳಿದರು: ಎಣ್ಣೆಯಲ್ಲಿ ಕೆಲಸ ಮಾಡುವ ಹಳೆಯದನ್ನೇ ಉಳಿಸಲಾ, ನಿರ್ವಾತದಲ್ಲಿ ಕೆಲಸ ಮಾಡುವ ವ್ಯಾಕ್ಯೂಮ್ ಬ್ರೇಕರ್ ಹಾಕಿಸಲಾ?

ಸದ್ಯದ ಖರ್ಚು ನೋಡಿದರೆ ಹಳೆಯ ಆಯಿಲ್ ಬ್ರೇಕರೇ ಅಗ್ಗ. ಆದರೆ ಅದಕ್ಕೆ ಆರೈಕೆ ಜಾಸ್ತಿ ಬೇಕು. ಶಾರ್ಟ್ ಆಗಿ ಟ್ರಿಪ್ ಆದಾಗಲೆಲ್ಲ ಒಳಗೆ ಹಾರುವ ಕಿಡಿ, ಅಂದರೆ ಆರ್ಕ್‌ನಿಂದ ಎಣ್ಣೆಗೆ ಮಸಿ ಸೇರುತ್ತದೆ. ಮಳೆಗಾಲದಲ್ಲಿ ತೇವವೂ ಸೇರಬಹುದು. ಎಣ್ಣೆಯ ಬಿಡಿವಿ ಪರೀಕ್ಷೆ (ಎಷ್ಟು ವೋಲ್ಟೇಜ್ ತಡೆಯುತ್ತದೆ ಅನ್ನೋದು), ಕಾಂಟ್ಯಾಕ್ಟ್ ಸವೆತ, ಮೂರೂ ಫೇಸ್ ಒಟ್ಟಿಗೆ ಕೂಡುತ್ತವಾ ಅನ್ನೋ ಹೊಂದಾಣಿಕೆ, ಇವನ್ನೆಲ್ಲ ಸುಮ್ನೆ ಬಿಡುವಂತಿಲ್ಲ. ಸಪ್ಲೈ ಪೂರ್ತಿ ಬಂದ್ ಮಾಡಿ ಅರ್ತ್ ಮಾಡದೆ (ಭೂಮಿಗೆ ಜೋಡಿಸದೆ) ದಯವಿಟ್ಟು ಮುಟ್ಟಬೇಡಿ.

ವ್ಯಾಕ್ಯೂಮ್‌ನಲ್ಲಿ ಎಣ್ಣೆಯಿಲ್ಲ, ಬೆಂಕಿಯ ಭಯ ಕಡಿಮೆ. ಕಾಂಟ್ಯಾಕ್ಟ್ ಇರುವ ಮುಚ್ಚಿದ ನಿರ್ವಾತ ಬಾಟಲ್ ಕೆಟ್ಟರೆ ಮಾತ್ರ ಬಿಚ್ಚಿ ಸರಿಮಾಡಲಾಗದು, ಬದಲಿಸಲೇಬೇಕು. ದೊಡ್ಡ ಎಚ್‌ಟಿ (ಹೈ ಟೆನ್ಷನ್) ಮೋಟಾರ್ ಇದ್ದರೆ ದಿಢೀರ್ ಏರುವ ವೋಲ್ಟೇಜ್ ತಡೆಯುವ ಸರ್ಜ್ ಅರೆಸ್ಟರ್ ಖರ್ಚನ್ನೂ ಲೆಕ್ಕ ಹಾಕಿ.

ಟ್ರಿಪ್ ಅಪರೂಪ, ಬಿಡಿಭಾಗ ಸಿಗುತ್ತದೆ, ಕೆಲಸ ಬಲ್ಲ ಫಿಟ್ಟರ್ ಹತ್ತಿರದಲ್ಲೇ ಇದ್ದಾರೆ ಅಂದರೆ ಹಳೆಯದನ್ನೇ ಉಳಿಸಿಕೊಳ್ಳಿ. ದಿನಾ ಹಲವು ಸಲ ಆನ್ ಆಫ್ ಮಾಡುವವರಿಗೆ ವ್ಯಾಕ್ಯೂಮ್ ಒಳ್ಳೆಯದು.