ದಾವಣಗೆರೆಯ ಸೆಕೆಂಡ್ ಶೋ ಮತ್ತು ರೀಮೇಕ್ ದೆವ್ವಗಳು

ದಾವಣಗೆರೆಯ ನಡುಭಾಗದಲ್ಲಿರುವ ಹಳೆಯ ಒಂಟಿ ಪರದೆಯ ಚಿತ್ರಮಂದಿರವೊಂದು ಹೊಸ ಧ್ವನಿ ವ್ಯವಸ್ಥೆ ಹಾಕಿಸಿಕೊಂಡ ಮೇಲೆ ರಾತ್ರಿಯ ಸೆಕೆಂಡ್ ಶೋಗೆ ಹೆಚ್ಚಾಗಿ ಹಾರರ್ ಚಿತ್ರಗಳನ್ನೇ ಹಾಕುತ್ತಿದೆ. ಹೊಸ ಬಿಡುಗಡೆ, ಡಬ್ ಆದ ಪರಭಾಷಾ ಚಿತ್ರ, ಮರುಬಿಡುಗಡೆ, ಅಭಿಮಾನಿಗಳು ಕೇಳಿ ಹಾಕಿಸಿದ ಹಳೆಯ ಚಿತ್ರ, ಹೀಗೆ ಎಲ್ಲ ಬಗೆಯೂ ಅಲ್ಲಿ ಬಂದು ಹೋಗುತ್ತವೆ. ದೆವ್ವದ ಸಿನಿಮಾ ನೋಡಲು ಈ ಮಂದಿರ ತಕ್ಕ ಜಾಗವೇ ಎಂದು ತೂಗುವುದು ಈ ವಿಮರ್ಶೆಯ ಉದ್ದೇಶ. ಆದರೆ ಅಲ್ಲಿ ಬರುವ ಚಿತ್ರಗಳಲ್ಲಿ ಬಹುಪಾಲು ರೀಮೇಕುಗಳು ಇಲ್ಲವೇ ಹಳೆಯ ಯಶಸ್ಸಿನ ಮುಂದಿನ ಭಾಗಗಳು ಆಗಿರುವುದರಿಂದ, ಮಂದಿರದ ಗುಣದೋಷವನ್ನು ಚಿತ್ರಗಳ ಗುಣದೋಷದಿಂದ ಬೇರ್ಪಡಿಸಿ ಹೇಳಲಾಗದು.

ಮೊದಲು ಧ್ವನಿಯ ಮಾತು, ಏಕೆಂದರೆ ಹಾರರ್ ಚಿತ್ರದ ಅರ್ಧ ಕೆಲಸ ಕಿವಿಯಲ್ಲೇ ನಡೆಯುತ್ತದೆ. 5.1 ಎಂಬ ಧ್ವನಿ ವ್ಯವಸ್ಥೆಯ ಹೆಸರಿನಲ್ಲಿ ಚುಕ್ಕೆಯ ನಂತರದ ಆ ಒಂದು, ಸುಮಾರು 120 ಹರ್ಟ್ಸ್‌ಗಿಂತ ಕೆಳಗಿನ ಮಂದ್ರ ಸದ್ದಿಗೆಂದೇ ಮೀಸಲಾದ ಚಾನೆಲ್. ಇಲ್ಲಿ ಆ ಸದ್ದು ಕಿವಿಗೆ ಬೀಳುವ ಮುಂಚೆ ಕುರ್ಚಿಯ ಕೈಹಿಡಿಯಲ್ಲಿ ನಡುಗಿ ತಿಳಿಯುತ್ತದೆ. ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಮೊದಲು ಎಲ್ಲವನ್ನೂ ಒಂದೇ ಸಮನೆ ಕಿರುಚಿಸುತ್ತಿದ್ದ ಈ ಮಂದಿರದಲ್ಲಿ ಈಗ ಮೌನವೂ ಕೇಳಿಸುತ್ತದೆ. ಬಾಗಿಲಿನ ಕೀಲು ಸವೆದ ಸದ್ದು, ಪಕ್ಕದ ಕೋಣೆಯಲ್ಲಿ ಯಾರೋ ಉಸಿರೆಳೆದ ಸದ್ದು ಎಡದಿಂದ ಬಂತೋ ಬಲದಿಂದ ಬಂತೋ ಎಂದು ಗುರುತಿಸಬಹುದು. ಬಾಲ್ಕನಿಯ ಕೆಳಗೆ ಸಿಕ್ಕುವ ಹಿಂದಿನ ಸಾಲುಗಳಲ್ಲಿ ಮಾತ್ರ ಈ ಸೂಕ್ಷ್ಮವೆಲ್ಲ ಸತ್ತುಹೋಗುವುದರಿಂದ, ಮಧ್ಯದ ಸಾಲುಗಳಲ್ಲೇ ಟಿಕೆಟ್ ಕೇಳಿ ಪಡೆಯುವುದು ಒಳಿತು.

ಪರದೆಯ ಮೇಲೆ ಮೂಡುವ ಬಿಂಬದ ಗುಣಮಟ್ಟದ ವಿಷಯದಲ್ಲಿ ಇಷ್ಟು ಹೊಗಳಲಾರೆ. ಪರದೆಯ ಬಲಕ್ಕಿರುವ ನಿರ್ಗಮನದ ಹಸಿರು ದೀಪಕ್ಕೆ ಯಾವ ಮರೆಯೂ ಇಲ್ಲ. ಸುರಕ್ಷತೆಗೆ ಆ ದೀಪ ಬೇಕೇ ಬೇಕು, ಸರಿ. ಆದರೆ ಅದರ ಬೆಳಕು ಪರದೆಯ ಮೇಲೆ ಬೀಳಲೇಬೇಕೆಂದು ಯಾವ ನಿಯಮವೂ ಹೇಳುವುದಿಲ್ಲ. 2018ರ ಹಿಂದಿ ಹಾರರ್ ಚಿತ್ರ ‘ತುಂಬಾಡ್’ 2024ರ ಸೆಪ್ಟೆಂಬರ್‌ನಲ್ಲಿ ಮರುಬಿಡುಗಡೆಯಾಗಿ, ಮೊದಲ ಸಲಕ್ಕಿಂತ ಹೆಚ್ಚು ಗಳಿಸಿ ಉದ್ಯಮದವರನ್ನೇ ಬೆರಗಾಗಿಸಿತು. ಸಣ್ಣ ಜ್ವಾಲೆಯ ಬೆಳಕಿನಲ್ಲಿ ನಡೆಯುವ ಅದರ ನೆಲದಡಿಯ ದೃಶ್ಯಗಳಲ್ಲಿ ಪರದೆಯ ಬಲ ಅಂಚು ಪಾಚಿ ಹಿಡಿದಂತೆ ಕಾಣುತ್ತಿದ್ದುದು ದೊಡ್ಡ ರಸಭಂಗ. ಪ್ರೊಜೆಕ್ಟರ್ ದೀಪವೂ ಮಂಕಾಗಿದೆ ಎಂಬ ಅನುಮಾನ ನನ್ನದು.

ಇನ್ನು ಚಿತ್ರಗಳ ಆಯ್ಕೆ. ಅಭಿಮಾನಿಗಳ ಒತ್ತಾಯಕ್ಕೆ ಹಾಕಿದ್ದ ‘ಆಪ್ತಮಿತ್ರ’ದ ಆಟವೇ ಇಲ್ಲಿ ನಾನು ಕಂಡ ಅತ್ಯುತ್ತಮ ಹಾರರ್ ಪ್ರದರ್ಶನ ಎಂದರೆ ಕೆಲವರಿಗೆ ವಿಚಿತ್ರವೆನಿಸಬಹುದು, ಏಕೆಂದರೆ ಅದು ಅಪ್ಪಟ ರೀಮೇಕ್. 1993ರಲ್ಲಿ ಫಾಸಿಲ್ ಮಲಯಾಳಂನಲ್ಲಿ ಮಾಡಿದ ‘ಮಣಿಚಿತ್ರತಾಳ್’ ಅದರ ಮೂಲ, ಪಿ. ವಾಸು ಅದನ್ನು 2004ರಲ್ಲಿ ಕನ್ನಡಕ್ಕೂ 2005ರಲ್ಲಿ ‘ಚಂದ್ರಮುಖಿ’ಯಾಗಿ ತಮಿಳಿಗೂ ತಂದರೆ, 2007ರಲ್ಲಿ ಪ್ರಿಯದರ್ಶನ್ ಹಿಂದಿಯಲ್ಲಿ ‘ಭೂಲ್ ಭುಲಯ್ಯಾ’ ಮಾಡಿದರು. ಈ ನಾಲ್ಕನ್ನೂ ಪಕ್ಕಪಕ್ಕ ಇಟ್ಟರೆ ಒಂದು ಜಾಣತನ ಎದ್ದು ಕಾಣುತ್ತದೆ. ಮಲಯಾಳಂ ಚಿತ್ರದಲ್ಲಿ ಆವೇಶ ಬಂದವಳು ತಮಿಳು ಆಡುತ್ತಾಳೆ. ಕನ್ನಡದಲ್ಲಿ ತೆಲುಗು, ತಮಿಳಿನಲ್ಲೂ ತೆಲುಗು, ಹಿಂದಿಯಲ್ಲಿ ಬಂಗಾಳಿ. ಮನೆಯ ಹೆಣ್ಣುಮಗಳ ಬಾಯಲ್ಲಿ ಇದ್ದಕ್ಕಿದ್ದಂತೆ ನೆರೆಯ ಭಾಷೆ ಬರುವುದೇ ಆ ಕಥೆಯ ನಿಜವಾದ ಭಯ, ಮತ್ತು ಪ್ರತಿಯೊಬ್ಬ ನಿರ್ದೇಶಕರೂ ತಮ್ಮ ಪ್ರೇಕ್ಷಕರಿಗೆ ಅರ್ಧ ಅರ್ಥವಾಗುವ, ಅರ್ಧ ಅಪರಿಚಿತವಾಗಿ ಉಳಿಯುವ ಭಾಷೆಯನ್ನೇ ಹುಡುಕಿ ಇಟ್ಟಿದ್ದಾರೆ. ‘ರಾ ರಾ’ ಹಾಡು ಶುರುವಾದಾಗ ಅಷ್ಟು ಹೊತ್ತೂ ವಿಷ್ಣುವರ್ಧನ್ ಮಾತಿಗೆ ಶಿಳ್ಳೆ ಹೊಡೆಯುತ್ತಿದ್ದ ಮಂದಿರ ತಣ್ಣಗಾಯಿತು. ಆವೇಶ ಬಂದವಳ ಪಾತ್ರ ಮಾಡಿದ, ಕನ್ನಡದ ಮನೆಮಗಳಾಗಿದ್ದು ತೆಲುಗಿನಲ್ಲಿ ದೊಡ್ಡ ತಾರೆಯಾಗಿದ್ದ ಸೌಂದರ್ಯ, ಈ ಚಿತ್ರ ತೆರೆಗೆ ಬರುವ ಮುಂಚೆಯೇ ಅದೇ ವರ್ಷದ ಏಪ್ರಿಲ್‌ನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದರು ಎಂಬುದು ಅಲ್ಲಿದ್ದ ಬಹಳಷ್ಟು ಮಂದಿಗೆ ನೆನಪಿದ್ದಿರಬೇಕು.

ಅದೇ ಪರದೆಯ ಮೇಲೆ ನೋಡಿದ ಹೆಚ್ಚಿನ ರೀಮೇಕುಗಳಲ್ಲಿ ಈ ಬಗೆಯ ಯೋಚನೆ ಕಾಣಲಿಲ್ಲ. ಮೂಲದಲ್ಲಿ ಯಾವ ಕ್ಷಣಕ್ಕೆ ಕನ್ನಡಿಯಲ್ಲಿ ಮುಖ ಕಾಣುತ್ತದೋ ಅದೇ ಕ್ಷಣಕ್ಕೆ ಇಲ್ಲೂ ಕಾಣುತ್ತದೆ, ಸದ್ದು ಮಾತ್ರ ಇನ್ನೊಂದಿಷ್ಟು ಜೋರು. ಬೆಚ್ಚಿಬೀಳಿಸುವ ತಂತ್ರವನ್ನು ನಕಲು ಮಾಡಿ, ಆ ದೆವ್ವ ಆ ಮನೆಯಲ್ಲೇ ಏಕಿದೆ ಎಂಬುದನ್ನು ಮೂಲದ ಊರಲ್ಲೇ ಬಿಟ್ಟು ಬಂದಿರುತ್ತಾರೆ. ಧ್ವನಿ ವ್ಯವಸ್ಥೆ ಸುಧಾರಿಸಿದಷ್ಟೂ ಈ ಟೊಳ್ಳು ಹೆಚ್ಚು ಸ್ಪಷ್ಟವಾಗಿ ಕೇಳಿಸುತ್ತದೆ ಎಂಬುದು ಮಂದಿರದವರು ಎಣಿಸಿರದ ಫಲ.

ರೀಮೇಕು ಹಾರರ್‌ಗೆ ಹೊಸದೂ ಅಲ್ಲ, ಅದರಷ್ಟಕ್ಕೆ ಕೆಟ್ಟದ್ದೂ ಅಲ್ಲ. 1922ರ ‘ನೊಸ್ಫೆರಾಟು’ ಅನುಮತಿಯಿಲ್ಲದೆ ಡ್ರಾಕುಲಾ ಕಥೆಯನ್ನು ಎತ್ತಿಕೊಂಡಿದ್ದಕ್ಕೆ ಪ್ರತಿಗಳನ್ನೇ ನಾಶಮಾಡಬೇಕೆಂದು ನ್ಯಾಯಾಲಯ ಹೇಳಿತ್ತು. ಅದೇ ಚಿತ್ರ 1979ರಲ್ಲೂ 2024ರಲ್ಲೂ ಮತ್ತೆ ಹುಟ್ಟಿತು. ಆದರೆ ಕನ್ನಡದಲ್ಲಿ ರೀಮೇಕು ಬೆಳೆದ ಕಾರಣ ಬೇರೆ. ದಶಕಗಳ ಕಾಲ ಡಬ್ಬಿಂಗ್ ಬರದಂತೆ ಚಿತ್ರರಂಗವೇ, ಕಾನೂನಿನ ಆಸರೆಯಿಲ್ಲದೆ, ಬೇಲಿ ಹಾಕಿಕೊಂಡಿದ್ದರಿಂದ ಪಕ್ಕದ ಭಾಷೆಯಲ್ಲಿ ಗೆದ್ದ ಕಥೆ ಕನ್ನಡದಲ್ಲಿ ಕೇಳಿಸಬೇಕಾದರೆ ಅದನ್ನು ಮತ್ತೆ ಚಿತ್ರೀಕರಿಸುವುದೊಂದೇ ದಾರಿಯಾಗಿತ್ತು. ತಮಿಳಿನ ‘ಕಾಂಚನ’ 2012ರಲ್ಲಿ ಉಪೇಂದ್ರ ನಟನೆಯ ‘ಕಲ್ಪನ’ ಆದದ್ದು ಆ ದಾರಿಯಲ್ಲೇ. 2015ರಲ್ಲಿ, ಮಾರುಕಟ್ಟೆಯ ಪೈಪೋಟಿಗೆ ಅಡ್ಡಿಯಾಗದಂತೆ ನೋಡಿಕೊಳ್ಳುವ ಭಾರತೀಯ ಸ್ಪರ್ಧಾ ಆಯೋಗ ಆ ತಡೆಯ ವಿರುದ್ಧ ಆದೇಶ ಕೊಟ್ಟಿತು. ಅದರ ಬೆನ್ನಿಗೆ ಒಟಿಟಿ ಬಂದು ಮೂಲ ಚಿತ್ರವೇ ಸಬ್‌ಟೈಟಲ್ ಸಮೇತ ಮೊಬೈಲಿಗೆ ಇಳಿಯಿತು. ಗುಜರಾತಿಯ ‘ವಶ್’ 2023ರಲ್ಲಿ ಬಂದು ಮರುವರ್ಷವೇ ಹಿಂದಿಯಲ್ಲಿ ‘ಶೈತಾನ್’ ಆಯಿತು, ಮಗಳ ಪಾತ್ರಕ್ಕೆ ಮೂಲದ ನಟಿಯೇ ಬಂದರು. ಅಂಥ ವೇಗದಲ್ಲಿ ಕನ್ನಡಕ್ಕೂ ಒಂದು ನಕಲು ಬಂದರೆ ದಾವಣಗೆರೆಯ ಪ್ರೇಕ್ಷಕ ಏಕೆ ಕಾಸು ಕೊಡಬೇಕು? ಸೆಕೆಂಡ್ ಶೋದಲ್ಲಿ ಹೊಸ ರೀಮೇಕಿಗೆ ಅರ್ಧ ಮಂದಿರ ಖಾಲಿಯಿದ್ದು ಮರುಬಿಡುಗಡೆಗೆ ತುಂಬುತ್ತಿರುವುದಕ್ಕೆ ಇದೇ ಉತ್ತರವೆಂದು ನನಗನಿಸುತ್ತದೆ.

ಸ್ವಮೇಕ್, ಅಂದರೆ ರೀಮೇಕ್ ಅಲ್ಲದ ಸ್ವಂತ ಕಥೆಯ ದೆವ್ವಗಳಿಗೆ ನಮ್ಮಲ್ಲಿ ಬರವೇನೂ ಇರಲಿಲ್ಲ. ಅನಂತನಾಗ್ ಮತ್ತು ಲಕ್ಷ್ಮಿ ನಟಿಸಿದ 1979ರ ‘ನಾ ನಿನ್ನ ಬಿಡಲಾರೆ’, 2013ರ ‘6-5=2’ ಎರಡೂ ಕನ್ನಡದಿಂದ ಹಿಂದಿಗೆ ಹೋದವು. ಪವನ್ ಕುಮಾರ್ ಅವರ ‘ಯು ಟರ್ನ್’ ಹೋಗದ ಭಾಷೆಯಿಲ್ಲ ಎನ್ನುವಷ್ಟು ಕಡೆ ಹೋಯಿತು. ಇವುಗಳಿಗಿಂತ ಈ ಮಂದಿರಕ್ಕೆ ಹೆಚ್ಚು ಒಪ್ಪಿದ್ದು 2025ರ ‘ಸು ಫ್ರಮ್ ಸೋ’. ಕರಾವಳಿಯ ಸಣ್ಣ ಊರೊಂದರಲ್ಲಿ ಯುವಕನ ಮೈಮೇಲೆ ಸೋಮೇಶ್ವರದ ಸುಲೋಚನಾ ಬಂದಿದ್ದಾಳೆಂದು ಊರಿಗೆ ಊರೇ ನಂಬುವ ಆ ಕಥೆಯಲ್ಲಿ ದೊಡ್ಡ ತಾರೆಯೂ ಇಲ್ಲ, ಕಣ್ಣು ಕುಕ್ಕುವ ಗ್ರಾಫಿಕ್ಸೂ ಇಲ್ಲ. ಆದರೂ ಅದರ ತುಳುನಾಡಿನ ಕನ್ನಡಕ್ಕೆ ಬಯಲುಸೀಮೆಯ ಜನ ಬಿದ್ದು ಬಿದ್ದು ನಕ್ಕರು. ಹಾರರ್‌ನ ಮುಂದಿನ ದಾರಿ ಇಂಥ ಊರಿನ ವಿಳಾಸವುಳ್ಳ ದೆವ್ವಗಳ ಕಡೆಗಿದೆ ಎಂಬುದು ನನ್ನ ಎಣಿಕೆ. ಅಷ್ಟು ಕೋಟೆ, ಅಷ್ಟು ಬಂಡೆ, ಚಂದ್ರವಳ್ಳಿಯಂಥ ಗುಹೆಯನ್ನು ಇಟ್ಟುಕೊಂಡಿರುವ ಪಕ್ಕದ ಚಿತ್ರದುರ್ಗದಲ್ಲಿ ಯಾರಾದರೂ ಒಂದು ಒಳ್ಳೆಯ ಹಾರರ್ ಕಥೆ ಹೆಣೆಯಬಾರದೇ ಎಂದು ಪ್ರತಿ ಬಾರಿಯೂ ಅನಿಸುತ್ತದೆ.

ಉಳಿದ ಸೌಲಭ್ಯಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಟಿಕೆಟ್ ದರ ಮಲ್ಟಿಪ್ಲೆಕ್ಸಿಗಿಂತ ಬಹಳ ಕಡಿಮೆ, ಶೌಚಾಲಯ ತಕ್ಕಮಟ್ಟಿಗೆ ಸ್ವಚ್ಛ. ಇಂಟರ್ವೆಲ್‌ನಲ್ಲಿ ಸಿಗುವ ಮಂಡಕ್ಕಿ ರುಚಿಯಾಗಿಯೇ ಇದೆ, ಆದರೆ ಅದನ್ನು ಕಟ್ಟಿಕೊಡುವ ಪ್ಲಾಸ್ಟಿಕ್ ಪೊಟ್ಟಣದ ಚರಪರ ಸದ್ದು ದ್ವಿತೀಯಾರ್ಧದ ಮೊದಲ ಹತ್ತು ನಿಮಿಷವನ್ನು ನುಂಗಿಹಾಕುತ್ತದೆ. ಕಾಗದದ ಪೊಟ್ಟಣಕ್ಕೆ ಬದಲಾದರೆ ಉಪಕಾರ. ಆಟ ಬಿಡುವಾಗ ನಡುರಾತ್ರಿ ದಾಟಿರುತ್ತದೆ ಮತ್ತು ಆಟೊದವರು ಆ ಹೊತ್ತಿನ ದರವನ್ನು ತಾವೇ ನಿಗದಿ ಮಾಡುವುದರಿಂದ ಸ್ವಂತ ವಾಹನವಿದ್ದವರಿಗೆ ಮಾತ್ರ ಶಿಫಾರಸು ಮಾಡುತ್ತೇನೆ. ಇನ್ನೊಂದು ಕೊರತೆ: ಬರುತ್ತಿರುವ ಚಿತ್ರ ಮೂಲ ಭಾಷೆಯದೋ, ಕನ್ನಡ ಡಬ್ಬಿಂಗೋ, ಸಬ್‌ಟೈಟಲ್ ಇದೆಯೋ ಎಂಬುದು ಪೋಸ್ಟರಿನಲ್ಲೂ ಇರುವುದಿಲ್ಲ, ಬುಕಿಂಗ್ ಕಿಟಕಿಯಲ್ಲಿ ಕೂತವರಿಗೂ ಗೊತ್ತಿರುವುದಿಲ್ಲ. ಅಷ್ಟನ್ನು ಗೇಟಿನ ಬಳಿಯ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದರೂ ಸಾಕು.